ಬಾಡಿದ ವೀಳ್ಯದೆಲೆ

ಮೊದಲ ಒಲೆ ಹತ್ತಿತು. ಎರಡನೆಯದೂ ಹತ್ತಿತು. ಮೂರನೆಯದರ ಬಳಿ ತಮಿಳರಸಿಯ ಕೈ ತಡೆಯಿತು.

ಒಲೆ ಎನ್ನುವುದು ಅವಳದೇ ಮಾತು. ತಮಿಳುನಾಡಿನ ಕಂಬಂ ಊರಿನ ಬಸ್ ನಿಲ್ದಾಣದ ಹಿಂದೆ, ದ್ರಾಕ್ಷಿ ಪೆಟ್ಟಿಗೆ ಮಾರುವ ಅಂಗಡಿಯ ಮಹಡಿಯಲ್ಲಿ ಅವಳ ಗಂಡ ಜೆಯಕುಮಾರ್ ನಡೆಸುತ್ತಿದ್ದ ಆಫೀಸು ಅದು. ಬೆಳಗ್ಗೆ ಬಂದವಳೇ ದೊಡ್ಡ ಕಂಪ್ಯೂಟರನ್ನು ಎಬ್ಬಿಸಿ, ಅದರೊಳಗಿನ ವೆಬ್‌ಸೈಟುಗಳನ್ನು ಒಂದೊಂದಾಗಿ ನಡೆಸಿ ನೋಡುವುದು ಅವಳ ಕೆಲಸ. ಎಲ್ಲವನ್ನೂ ಕಟ್ಟಿದ್ದು ಒಂದೇ ಫ್ರೇಮ್‌ವರ್ಕಿನ, ಅಂದರೆ ಒಂದೇ ಸಿದ್ಧ ಚೌಕಟ್ಟಿನ ಮೇಲೆ. ಆದರೆ ಒಂದೊಂದನ್ನು ಕಟ್ಟಿದ ಕಾಲಕ್ಕೆ ಅದರ ಒಂದೊಂದು ವರ್ಷನ್ ಚಾಲ್ತಿಯಲ್ಲಿತ್ತು. ಹಳೆಯದು ಹೊಸದರ ಮಾತು ಕೇಳದು. ಹೊಸದು ಹಳೆಯದನ್ನು ಗುರುತೇ ಹಿಡಿಯದು. ಅದಕ್ಕೇ ಎರಡನೇ ವರ್ಷನ್, ನಾಲ್ಕನೆಯದು, ಐದನೆಯದು ಮೂರೂ ಒಂದೇ ಯಂತ್ರದಲ್ಲಿ ಇರಬೇಕು, ಒಂದರ ಉಪ್ಪು ಇನ್ನೊಂದರ ಸಾರಿಗೆ ಬೀಳಬಾರದು. ಒಂದೇ ಮನೆಯಲ್ಲಿ ಮೂವರು ಸೊಸೆಯರು ಮೂರು ಒಲೆ ಹೂಡಿದ ಹಾಗೆ.

ಮೂರನೆಯ ಒಲೆ ಹೊಸ ಕೆಲಸ. ಎಳನೀರು ವ್ಯಾಪಾರಿಯೊಬ್ಬರಿಗೆಂದು ಈಗಷ್ಟೇ ತೆರೆದ ಫೋಲ್ಡರ್. ಅದಕ್ಕೆ ಯಾವ ವರ್ಷನ್ ಬೇಕೆಂದು ಅವಳಿನ್ನೂ ಗುರುತು ಹಾಕಿರಲಿಲ್ಲ. ಗುರುತಿಲ್ಲದ ಫೋಲ್ಡರಿಗೆ ಯಂತ್ರ ತಾನಾಗಿಯೇ ಐದನ್ನು ಕೊಡಬೇಕು. ಹಾಗೆಂದು ಇಡೀ ಯಂತ್ರಕ್ಕೆ ಅಪ್ಪಣೆ ಕೊಟ್ಟಿಟ್ಟವಳು ಅವಳೇ.

ತೆರೆಯ ಮೇಲೆ ಬಂದದ್ದು ಎರಡು.

ಕಣ್ಣುಜ್ಜಿಕೊಂಡು ಮತ್ತೆ ಕೇಳಿದಳು. ಎರಡು. ಯಾರೋ ಇಡೀ ಯಂತ್ರವನ್ನು ಹಳೆಯ ವರ್ಷನ್ನಿಗೆ ತಿರುಗಿಸಿಟ್ಟಿದ್ದರು. ಈ ವಾರ ಹೊಸ ಕೆಲಸ ಯಾವುದೂ ಶುರುವಾಗದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ಅಪ್ಪಣೆ ಬದಲಾದ ದಿನವನ್ನು ಹುಡುಕಿ ನೋಡಿದಳು.

ಭಾನುವಾರ.

ಕೆಳಗೆ ಶೇರ್ ಆಟೋದವನೊಬ್ಬ ಗೂಡಲೂರು, ಗೂಡಲೂರು ಎಂದು ಕೂಗುತ್ತಿದ್ದ. ತಮಿಳರಸಿಗೆ ಅದು ಕೇಳಿಸಲಿಲ್ಲ. ಮುತ್ತುಲಕ್ಷ್ಮಿಯ ಮದುವೆ ಮುರಿದದ್ದೂ ಭಾನುವಾರವೇ.

ಮುತ್ತುಲಕ್ಷ್ಮಿ ಲಕ್ಷ್ಮಣನ್ ಅವರ ಒಬ್ಬಳೇ ಮಗಳು. ಲಕ್ಷ್ಮಣನ್ ಎಂದರೆ ಜೆಯಕುಮಾರನ ತಾಯಿಯ ತಮ್ಮ, ಕಣಿವೆಯ ಕನ್ನಡ ಮನೆಗಳ ಸಂಘಕ್ಕೆ ಹಿರಿಯರು. ದಿಂಡಿಗಲ್‌ನ ಬೀಗದ ವ್ಯಾಪಾರಿಯ ಮನೆಗೆ ಹೆಣ್ಣು ಕೊಡಲು ಮಾತಾಗಿತ್ತು. ಅಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಆ ಮನೆಯ ವಾಟ್ಸಾಪಿಗೆ ಒಂದು ಚಿತ್ರ ಬಂತು. ಸಂಘದ ಮದುವೆ ವೆಬ್‌ಸೈಟು 'ನಮ್ಮ ಮಂದಿ'ಯ ಪುಟ. ಅದರಲ್ಲಿ ಹುಡುಗಿ ಬೆಳ್ಳಿ ಕುಲದವಳೆಂದಿತ್ತು. ಹುಡುಗನೂ ಬೆಳ್ಳಿ ಕುಲ. ಒಂದೇ ಕುಲವೆಂದರೆ ಅಣ್ಣ ತಂಗಿ.

ಈಗಿನ ಸೈಟಿನಲ್ಲಿ ಅವಳದು ಬಸಳೆ ಕುಲವೆಂದೇ ಇದೆ, ನಿಜವೂ ಅದೇ. ದಿಂಡಿಗಲ್‌ನ ಹಿರಿಯರು ಒಪ್ಪಲಿಲ್ಲ. "ಒಸದನ್ನ ಬೇಕಾದಂಗೆ ತಿದ್ಕೊಂಡವ್ರೆ. ಅಳೇ ಪುಟ ಸುಳ್ಳಾಡಲ್ಲ," ಎಂದುಬಿಟ್ಟರು.

ಲಕ್ಷ್ಮಣನ್ ಮಹಡಿ ಹತ್ತಿ ಬಂದು ತಮಿಳರಸಿಯ ಎದುರೇ ನಿಂತು ಹೇಳಿದ್ದರು. "ಅರಸಿ, ಕಂಪ್ಯೂಟರ್ ವಿಸಯ ನನ್ಗೆ ತಿಳೀದು. ನೀನೇ ಕಂಡುಹಿಡಿ. ವೆಳ್ಳಿಕ್ಕಿಳಮೆ ಬತ್ತೀನಿ, ಮಾಡ್ದೋರ ಎಸರು ಯೋಳು. ಆ ಕೈಗೆ ಈ ಕಣಿವೇಲಿ ಇನ್ನ ವೇಲೆ ಇಲ್ಲ, ಆ ಮನೆಗೆ ನಮ್ ಮಂದೀಲಿ ಎಣ್ಣು ಗಂಡು ಇಲ್ಲ."

ವೇಲೆ, ಅಂದರೆ ಕೆಲಸ. ವೆಳ್ಳಿಕ್ಕಿಳಮೆ, ಅಂದರೆ ಶುಕ್ರವಾರ. ಇವತ್ತೇ ಶುಕ್ರವಾರ.

ಅವಳ ಮನಸ್ಸಿಗೆ ಬಂದ ಹೆಸರು ನಿವೇತಾ. ಬಂದದ್ದೇನು, ಅದು ಅಲ್ಲೇ ಬಾಗಿಲ ಮರೆಯಲ್ಲಿ ಕಾದು ಕೂತಿತ್ತು.

ನಿವೇತಾ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಮಾರ್ಕಯನ್‌ಕೋಟ್ಟೈ ಕಡೆಯ ಹುಡುಗಿ, ಅವರ ಮಂದಿಯೇ. ಬುದ್ಧಿವಂತೆ. ಅದನ್ನು ತಮಿಳರಸಿಯೇ ಮೊದಲು ಹೇಳಿದ್ದಳು, ಆಮೇಲೆ ಜೆಯಕುಮಾರ್ ಹೇಳತೊಡಗಿದ, ಆಮೇಲೆ ಅವನು ಹೇಳುವುದನ್ನು ನಿಲ್ಲಿಸಲೇ ಇಲ್ಲ. ಊಟಕ್ಕೆ ಕೂತರೆ ನಿವಿ ಹೀಗಂದಳು, ಮಲಗಲು ಹೋದರೆ ನಿವಿ ಹಾಗೆ ಮಾಡಿದಳು. ನಿವೇತಾ ಎಂಬ ಹೆಸರಿನ ಬಾಲ ಯಾವತ್ತು ಉದುರಿತೆಂದು ತಮಿಳರಸಿಗೆ ಗೊತ್ತಾಗಲೇ ಇಲ್ಲ. ಅವನು ತಂದ ಬೆಂದ ಕಡಲೆಯ ಸುಂಡಲ್ ಪೊಟ್ಟಣ ಮೊದಲು ಬಿಚ್ಚುತ್ತಿದ್ದುದು ಆ ಮೇಜಿನ ಮೇಲೆ. ಇವಳ ಮೇಜಿಗೆ ಬರುವ ಹೊತ್ತಿಗೆ ತೆಂಗಿನ ತುರಿ ಖಾಲಿ.

ಇಂಥ ಸಣ್ಣ ವಿಷಯವನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಹೇಳಿದವಳೇ ಸಣ್ಣವಳಾಗುತ್ತಾಳೆ. ನುಂಗಿದರೆ ಇಳಿಯುವುದಿಲ್ಲ.

ಅವಳು ಫೋನ್ ತೆಗೆದು ಆ ಚಿತ್ರವನ್ನು ಮತ್ತೆ ನೋಡಿದಳು. ನಿನ್ನೆ ದಿಂಡಿಗಲ್‌ಗೆ ಹೋಗಿ ಗಂಡಿನ ತಾಯಿಯ ಕೈಕಾಲು ಹಿಡಿದು ತನ್ನ ಫೋನಿಗೆ ಹಾಕಿಸಿಕೊಂಡದ್ದು. ಪುಟದ ಮೂಲೆಯಲ್ಲಿ ಒಂದು ಕಂದು ವೀಳ್ಯದೆಲೆ, ತೊಟ್ಟು ಎಡಕ್ಕೆ ಸೊಟ್ಟ.

ಆ ಸೊಟ್ಟ ತೊಟ್ಟು ಅವಳ ಕೈಯದು. ಮದುವೆಯಾದ ಹೊಸತು. ಆಗ ಈ ಆಫೀಸಿನಲ್ಲಿ ಇದ್ದದ್ದು ಒಂದು ಕಂಪ್ಯೂಟರ್, ಒಂದು ಕುರ್ಚಿ, ಒಂದೇ ವರ್ಷನ್. ಕುರ್ಚಿಯಲ್ಲಿ ಅವನು, ಕುರ್ಚಿಯ ಕೈಮೇಲೆ ಅವಳು. "ಎಲೆ ಬರೆ ಅಂದ್ರೆ ಮೇಕೆ ಕಿವಿ ಬರ್ದಿದ್ದೀಯ," ಎಂದು ಅವನು ನಕ್ಕಿದ್ದ. ಅದೇ ನಗು ಈಗಲೂ ಇದೆ, ಬೇರೆ ಮೇಜಿನ ಹತ್ತಿರ.

ಅವರ ಮಂದಿಯಲ್ಲಿ ಹೆಣ್ಣನ್ನು ಹೊರಗೆ ಕೊಡುವ ಮುಂಚೆ ಅವಳ ಸೋದರತ್ತೆಯ ಮನೆಯನ್ನು ಕೇಳಬೇಕು. ಅತ್ತೆಯ ಮಗನಿಗೆ ಮೊದಲ ಹಕ್ಕು. ಅತ್ತೆ ತಟ್ಟೆಯಿಂದ ವೀಳ್ಯ ಎತ್ತಿಕೊಂಡಳೆಂದರೆ 'ಬಿಟ್ಟುಕೊಟ್ಟೆ' ಎಂದರ್ಥ. ಹಳೆಯ ಸೈಟು ಪುಟ ತುಂಬಿದಾಗಲೂ ತಿದ್ದಿದಾಗಲೂ ಅದನ್ನೂ ಕೇಳುತ್ತಿತ್ತು: ಅತ್ತೆ ಮನೆ ಕೇಳಿದ್ದಾಯಿತೇ? ಆಯಿತೆಂದರೆ ಎಲೆ ಹಸಿರು, ಇಲ್ಲವೆಂದರೆ ಬಾಡಿದ ಕಂದು. ಈಗಿನ ಹುಡುಗಿಯರು ಇದೇನು ಪಂಚಾಯಿತಿ ಎಂದು ಮುಖ ತಿರುಗಿಸಿದ ಮೇಲೆ ಹೊಸ ಸೈಟಿನಿಂದ ಪ್ರಶ್ನೆಯನ್ನೂ ಎಲೆಯನ್ನೂ ತೆಗೆದಿದ್ದರು.

ಅಂದರೆ ಚಿತ್ರ ಹಳೆಯ ಸೈಟಿನದು. ಆ ಹಳೆಯ ಸೈಟು ಇಡೀ ಕಣಿವೆಯಲ್ಲಿ ಉಸಿರಾಡುವುದು ಈ ಒಂದು ಯಂತ್ರದಲ್ಲಿ, ಎರಡನೇ ವರ್ಷನ್ನಿನ ಮೇಲೆ ಮಾತ್ರ. ಅದನ್ನು ನಡೆಸಲು ಬಲ್ಲವರು ಮೂವರು: ಅವಳು, ಗಂಡ, ನಿವೇತಾ.

ಮೆಟ್ಟಿಲ ಮೇಲೆ ಗೆಜ್ಜೆ ಸದ್ದಾಯಿತು.

"ಲೇಟಾಗ್ಬುಟ್ತು ಅಕ್ಕಾ. ಚಿನ್ನಮನೂರ್‌ನಾಗೆ ಬಸ್ಸೇ ಇಲ್ಲ," ಎನ್ನುತ್ತ ನಿವೇತಾ ಒಳಗೆ ಬಂದಳು. ಒಂದು ಮೊಳ ಮಲ್ಲಿಗೆ ಮುಡಿದಿದ್ದಳು, ಇನ್ನೊಂದು ಮೊಳ ಬಾಳೆ ಎಲೆಯಲ್ಲಿ. "ಇದು ನಿಮ್ಗೆ."

ತಮಿಳರಸಿ ಹೂವಿಗೆ ಕೈ ಚಾಚಲಿಲ್ಲ.

"ಸಂಡೆ ಆಫೀಸಿಗೆ ಬಂದಿದ್ಯಾ?"

ಬಾಳೆ ಎಲೆ ಗಾಳಿಯಲ್ಲೇ ನಿಂತಿತು.

"ಬಂದಿದ್ದೆ."

"ನಂಗೆ ಯೋಳ್ಲಿಲ್ಲ."

"ನೀವು ಕೇಳ್ಲಿಲ್ಲ ಅಕ್ಕಾ."

ಎದೆಯೊಳಗೆ ಏನೋ ಬೆಚ್ಚಗೆ ಹರಿಯಿತು. ಸಂತೋಷವೇ ಅದು, ನಾಚಿಕೆಗೇಡಿನ ಸಂತೋಷ. ಸಿಕ್ಕಿಬಿದ್ದಳು. ಸಾಯಂಕಾಲದೊಳಗೆ ಆ ಮೇಜು ಖಾಲಿ.

"ದೊಡ್ಡ ಯಂತ್ರ ಮುಟ್ಟಿದ್ಯಾ?"

"ಅದನ್ನಾ? ಸತ್ತಿಯಮಾ ಇಲ್ಲ ಅಕ್ಕಾ. ನನ್ ವೇಲೆ ಎಲ್ಲಾ ನನ್ ಲ್ಯಾಪ್‌ಟಾಪ್‌ನಾಗೆ ಅಲ್ವಾ?"

"ಸೆರಿ. ಈಗ ಅಳೇ 'ನಮ್ಮ ಮಂದಿ' ನೋಡ್ಬೇಕು ಅಂತಿಟ್ಕೋ. ನೀನೇನ್ ಮಾಡ್ತೀಯ?"

ಪರೀಕ್ಷೆಯೆಂದು ನಿವೇತಾಗೆ ತಿಳಿಯಲಿಲ್ಲ. ಪಾಠವೆಂದುಕೊಂಡು ಹುರುಪಿನಿಂದಲೇ ಹೇಳಿದಳು.

"ಡಬ್ಬಿ ಅಕ್ಕಾ. ಒಂದೊಂದು ಸೈಟ್ಗೂ ಒಂದೊಂದು ಡಬ್ಬಿ ಮಾಡಿ, ಅದಕ್ಕೆ ಬೇಕಾದ ವರ್ಷನ್ ಅದರೊಳಗೇ ಆಕ್ಬುಡ್ತೀನಿ. ಹೊರಗೆ ಚೆಲ್ಲಲ್ಲ. ಉಪ್ಪಿನ್ಕಾಯಿ ಡಬ್ಬಿ ಅಂತ ನೀವೇ ನಕ್ಕಿದ್ರಿ."

"ಸೆರಿ, ನಾನೇನ್ ಮಾಡ್ತೀನಿ?"

"ನೀವು ಸ್ಕ್ರೀನ್‌ನಾಗೆ ತೆರೆದ ಆ ಒಂದು ಕಿಟಕಿಗೆ ಮಾತ್ರ ಎರಡು ಅಂತ ಬರೀತೀರ. ಕಿಟಕಿ ಮುಚ್ಚಿದ್ರೆ ಮುಗೀತು." ನಿವೇತಾ ನಗತೊಡಗಿದಳು. "ಅಣ್ಣ ಒಬ್ರೇ ಇಡೀ ಯಂತ್ರಾನೇ ತಿರುಗಿಸ್ಬುಟ್ಟು ಮರ್ತೋಗ್ತಾರೆ. ಒಂದು ದೋಸೆ ಉಯ್ಯಕ್ಕೆ ಮನೆಗೆಲ್ಲಾ ಬೆಂಕಿ ಅಚ್ತಾರೆ ಅಂತ ನೀವು ಬೈತೀರಲ್ಲಾ?"

ತಮಿಳರಸಿ ತೆರೆಯ ಮೇಲಿನ ಎರಡರ ಕಡೆ ತಿರುಗಿದಳು.

ನಿಜ. ಫ್ಯಾನು ಹಾಕುವುದು ಅವನು, ಆರಿಸುವುದು ಅವಳು. ಹಿತ್ತಲ ನಲ್ಲಿ, ಗೇಟಿನ ಚಿಲಕ, ಬಿಚ್ಚಿಟ್ಟ ಉಪ್ಪಿನ ಜಾಡಿ. ತಿರುಗಿಸುವುದು ಅವನ ಕೈ, ಹಿಂದಕ್ಕೆ ತರುವುದು ಅವಳದು. ಇಷ್ಟು ವರ್ಷದಲ್ಲಿ ಅದು ಒಂದು ಕೆಲಸವೆಂದೂ ಅವಳಿಗೆ ಅನಿಸಿರಲಿಲ್ಲ. ಈ ಸಲ ಅವಳ ಕಣ್ಣಿಗೆ ಬೀಳದೆ ಉಳಿದುಬಿಟ್ಟಿತ್ತು, ಅಷ್ಟೇ.

"ಸಂಡೆ ನೀನು ಯಾತಕ್ಕೆ ಬಂದೆ?" ಈಗ ಅವಳ ದನಿ ತಗ್ಗಿತ್ತು.

"ಕೀ ಕೊಡಕ್ಕೆ. ಅಣ್ಣನ ಕೀ ಕಾಣ್ಲಿಲ್ವಂತೆ, ನನ್ ಕೀ ತಗೊಂಡ್ ಬಾ ಅಂದ್ರು. ಬಂದೆ. ಪನ್ನೀರ್ ಸೋಡಾ ತಗೊಂಡ್ ಬಾ ಅಂತ ಕೆಳಗೆ ಕಳಿಸಿದ್ರು. ನಾನು ವಾಪಸ್ ಬರೋವಾಗ ಅಣ್ಣ ಸ್ಕ್ರೀನ್ ಆರಿಸ್ತಿದ್ರು."

"ಅದನ್ನ ನಂಗೆ ಯೋಳಕ್ಕೆ ಏನಾಗಿತ್ತು?"

ನಿವೇತಾ ಹೂವನ್ನು ಮೇಜಿನ ಮೇಲಿಟ್ಟು ಅದರ ದಾರ ಹಿಂಜತೊಡಗಿದಳು.

"ಅಣ್ಣನೇ ಬೇಡ ಅಂದ್ರು."

"ಏನಂದ್ರು? ಅವ್ರು ಯೋಳ್ದಂಗೇ ಯೋಳು."

"ಬುಡಿ ಅಕ್ಕಾ."

"ಯೋಳು."

"ಅರಸಿಗೆ ಪೊರಾಮೆ ಜಾಸ್ತಿ. ನಾವಿಬ್ರೂ ಸಂಡೆ ಇಲ್ಲಿದ್ವಿ ಅಂತ ತಿಳಿದ್ರೆ ಮನೇಲಿ ಅನ್ನ ಬೇಯಲ್ಲ. ನೀನು ಬಾಯಿ ಮುಚ್ಕೊಂಡಿರು... ಅಂತ."

ಪೊರಾಮೆ. ಹೊಟ್ಟೆಕಿಚ್ಚು. ತಮಿಳಿನಲ್ಲಿ ಕೇಳಿದರೆ ಇನ್ನೂ ತುಸು ಹೆಚ್ಚೇ ಸುಟ್ಟಿತು.

ಅವನಿಗೆ ಗೊತ್ತಿತ್ತು. ತೆಂಗಿನ ತುರಿ, ಉದುರಿದ ಹೆಸರಿನ ಬಾಲ, ರಾತ್ರಿ ಗೋಡೆ ಕಡೆ ತಿರುಗಿ ಅವಳು ನುಂಗುತ್ತಿದ್ದ ಮಾತು, ಎಲ್ಲ. ತಾನು ಯಾರಿಗೂ ಕಾಣದಂತೆ ಬಚ್ಚಿಟ್ಟಿದ್ದೇನೆ ಎಂದುಕೊಂಡದ್ದನ್ನು ಅವನು ಎತ್ತಿ ಆ ಹುಡುಗಿಯ ಬಾಯಿಗೆ ಬೀಗವಾಗಿ ಹಾಕಿಬಿಟ್ಟಿದ್ದ. ದಿಂಡಿಗಲ್‌ನಿಂದ ಬೀಗ ತರುವ ಅಗತ್ಯವೇ ಅವನಿಗೆ ಬಿದ್ದಿರಲಿಲ್ಲ. ಮನೆಯಲ್ಲೇ ಒಂದಿತ್ತು.

"ಕೋಪನಾ ಅಕ್ಕಾ?"

"ಕೆಳಗೋಗಿ ಕಾಪಿ ತಗೊಂಡ್ ಬಾ. ನಿಧಾನಕ್ಕೆ ಬಾ."

ಗೆಜ್ಜೆ ಸದ್ದು ಇಳಿದುಹೋದ ಮೇಲೆ ಅವಳು ಒಂದು ಕಿಟಕಿ ತೆರೆದು, ಅದೊಂದಕ್ಕೆ ಮಾತ್ರ ಎರಡು ಎಂದು ಬರೆದು, ಹಳೆಯ 'ನಮ್ಮ ಮಂದಿ'ಯನ್ನು ನಡೆಸಿದಳು. ಯಂತ್ರದ ಅಪ್ಪಣೆಯನ್ನು ಮುಟ್ಟಲಿಲ್ಲ.

ಮುತ್ತುಲಕ್ಷ್ಮಿಯ ಪುಟದಲ್ಲಿ ಬಸಳೆ ಕುಲವೆಂದೇ ಇತ್ತು. ಚಿತ್ರ ತೆಗೆದ ಮೇಲೆ ಮೊದಲಿನಂತೆ ತಿದ್ದಿಟ್ಟಿದ್ದಾರೆ, ಜಾಣರು. ಮೂಲೆಯ ಎಲೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಕಂದು. ಚಿತ್ರದಲ್ಲಿದ್ದ ಹಾಗೇ.

ಅವಳು ಆ ಕಂದು ಎಲೆಯ ಮೇಲೆ ಬೆರಳಿಟ್ಟಳು.

ಸುಳ್ಳು ಪುಟ ಮಾಡುವವನಿಗೆ ಈ ಪ್ರಶ್ನೆ ಯಾತಕ್ಕೆ? ಬೇಗ ಮುಗಿಸಲೆಂದು 'ಆಯಿತು' ಒತ್ತಿ ಮುಂದೆ ಹೋಗುತ್ತಾನೆ. ನಿವೇತಾ ಆಗಿದ್ದರೆ ಹಾಗೇ ಮಾಡುತ್ತಿದ್ದಳು. ಅವಳ ವಯಸ್ಸಿನವರಿಗೆ ಈ ಎಲೆ ಒಂದು ಚಿತ್ರ, ಅಷ್ಟೇ. ಇಲ್ಲಿ ಕುಲವನ್ನೇ ಬದಲಿಸಿದ ಕೈ ಇದೊಂದನ್ನು ನಿಜವಾಗಿ ತುಂಬಿತ್ತು. ಅತ್ತೆ ಮನೆ ಕೇಳಿಲ್ಲ. 'ಆಯಿತು' ಎಂದರೆ ಅತ್ತೆ ಬಿಟ್ಟುಕೊಟ್ಟಳು ಎಂದಾಗುತ್ತದೆ. ಸುಳ್ಳಿಗೂ ಹಾಗೆ ಹೇಳಲು ಯಾರ ಬೆರಳು ಬಾರದು? ಆ ಅತ್ತೆಯ ಹೊಟ್ಟೆಯಲ್ಲಿ ಹುಟ್ಟಿದವನ ಬೆರಳು.

ಮುತ್ತುಲಕ್ಷ್ಮಿಯ ಸೋದರತ್ತೆ ರಂಗಮ್ಮಾಳ್. ಜೆಯಕುಮಾರನ ತಾಯಿ. ತಮಿಳರಸಿಯ ಅತ್ತೆ.

ತಮ್ಮ ಲಕ್ಷ್ಮಣನ್ ತನ್ನನ್ನು ಕೇಳದೆಯೇ ದಿಂಡಿಗಲ್‌ಗೆ ಮಾತು ಕೊಟ್ಟನೆಂದು ತಿಳಿದ ದಿನದಿಂದ ರಂಗಮ್ಮಾಳ್ ಮನೆಯಲ್ಲಿ ವೀಳ್ಯ ಮೆದ್ದಿರಲಿಲ್ಲ. "ನನ್ ಕಿರೀ ಮಗ ಎಳಿಲ್ ಕಣ್ಣಿಗೆ ಕಾಣ್ಲಿಲ್ವಾ ಅವನ್ಗೆ? ದ್ರಾಕ್ಷಿ ತೋಟ ಮಾಡೋ ಕೈ ಒರಟಾ? ಬೀಗದ ಮನೆಯೋರು ಚಿನ್ನನಾ?" ಎಂದು ಒಲೆಯ ಮುಂದೆ ಕೂತು ಅಂದದ್ದು ಸೊಸೆಯ ಕಿವಿಯಲ್ಲಿ ಇನ್ನೂ ಇತ್ತು. ಆಗ ಇವಳಿಗೆ ಅದು ಮುದುಕಿಯ ಹೊಟ್ಟೆಯುರಿ ಎನಿಸಿತ್ತು. ತನ್ನದರ ಹಾಗೆಯೇ ಇನ್ನೊಂದು ಎಂದು ಒಳಗೊಳಗೇ ನಕ್ಕೂ ಇದ್ದಳು. ಜೆಯಕುಮಾರ್ ನಕ್ಕಿರಲಿಲ್ಲ.

ಎಳಿಲ್‌ಗೆ ಕಂಪ್ಯೂಟರ್ ಬಾರದು. ಆ ಮನೆಯಲ್ಲಿ ಬಲ್ಲವನು ಒಬ್ಬನೇ.

ಪುಟ ಮುಚ್ಚಲು ಹೋದಳು. ಕೊನೆಯಲ್ಲಿ ಇನ್ನೊಂದು ಹೆಸರು ಕಂಡಿತು. ಈ ಸೈಟು ನಿಂತುಹೋದ ಎಷ್ಟೋ ವರ್ಷದ ಮೇಲೆ, ಅದೇ ಭಾನುವಾರ ಹೊಸದಾಗಿ ಸೇರಿಸಿದ್ದು.

ನಿವೇತಾ. ಊರು ಮಾರ್ಕಯನ್‌ಕೋಟ್ಟೈ. ಅತ್ತೆ ಮನೆ ಕೇಳಿದ್ದಾಯಿತೇ? ಆಯಿತು. ಎಲೆ ಹಚ್ಚ ಹಸಿರು.

ವರನ ಹೆಸರಿನ ಜಾಗ ಖಾಲಿ.

ಆ ಹುಡುಗಿಯ ಅತ್ತೆ ವೀಳ್ಯ ಎತ್ತಿದ್ದು ಇವನಿಗೆ ಹೇಗೆ ಗೊತ್ತು? ಯಾರಿಗೆಂದು ತುಂಬಿಟ್ಟಿದ್ದಾನೆ? ತಮ್ಮನಿಗೆ ಮುತ್ತುಲಕ್ಷ್ಮಿ ಸಿಕ್ಕದಿದ್ದರೆ ಇವಳು ಇರಲಿ ಎಂದೇ? ಹಾಗಿದ್ದರೆ ತಮ್ಮನ ಹೆಸರು ಬರೆಯಲು ಕೈಗೇನು ಬಂದಿತ್ತು? ಹೆಸರು ಬರೆಯದೆ ಬಿಡುವುದು ಬರೆಯಲಾಗದ ಹೆಸರಿದ್ದಾಗ.

ಫೋನ್ ಬಡಿದುಕೊಂಡಿತು. ಜೆಯಕುಮಾರ್.

"ಅರಸಿ, ಸುರುಳಿಪಟ್ಟಿ ತೋಟದಾಗಿಂದ ಒರಟಿವ್ನಿ. ಲಕ್ಷ್ಮಣನ್ ಮಾಮನೂ ನನ್ ಜತೇಲೇ ಅವ್ರೆ. ಕಾರಿಂದ ಇಳಿದು ಮಾತಾಡ್ತಿವ್ನಿ." ಅವನ ದನಿ ಸಣ್ಣದಾಗಿತ್ತು. "ಒಂದ್ ಸಣ್ಣ ವೇಲೆ. ದೊಡ್ಡ ಯಂತ್ರ ಎರಡರ ಮೇಲೆ ಐತೆ. ನಾವ್ ಬರೋದ್ರೊಳಗೆ ಐದಕ್ಕೆ ಆಕ್ಬುಡು."

ಅವಳು ಫೋನನ್ನು ಈ ಕಿವಿಯಿಂದ ಆ ಕಿವಿಗೆ ತಂದಳು. ಯಂತ್ರ ಎರಡಕ್ಕೆ ತಿರುಗಿದೆಯೆಂದು ಅವಳು ಯಾರಿಗೂ ಹೇಳಿರಲಿಲ್ಲ. ನಿವೇತಾಗೂ ಹೇಳಿರಲಿಲ್ಲ.

"ಎರಡಕ್ಕೆ ಯಾರು ಆಕಿದ್ದು?"

"ಇನ್ಯಾರು? ಆ ಪೊಣ್ಣು ನಿವೇತಾನೇ ಇರ್ಬೇಕು. ಮಾಮಂಗೆ ಯೋಳ್ಬುಟ್ಟಿವ್ನಿ, ಸಂಡೆ ಕೀ ಅವಳ ಕೈಲೇ ಇತ್ತು ಅಂತ." ಮೆಲ್ಲಗೆ ನಕ್ಕ. "ಇನ್ನ ನಿನ್ಗೂ ನಿಮ್ಮದಿ."

ನಿಮ್ಮದಿ. ನೆಮ್ಮದಿ.

"ಆಗ್ಲಿ," ಎಂದಳು.

ಬೆರಳುಗಳು ತಾವೇ ಓಡಿದವು. ಇಡೀ ಯಂತ್ರವನ್ನು ಐದಕ್ಕೆ ತರುವ ಸಾಲು, ಕಣ್ಣು ಮುಚ್ಚಿ ಬರೆಯಬಲ್ಲ ಸಾಲು. ಬರೆದು ಮುಗಿಯಿತು. ಇನ್ನು ಎಂಟರ್ ಒತ್ತುವುದೊಂದೇ. ಒತ್ತಿದರೆ ಭಾನುವಾರ ಅಳಿಸಿ ಅಲ್ಲಿ ಶುಕ್ರವಾರ ಕೂರುತ್ತದೆ. ಹಳೆಯ ಪುಟಕ್ಕೆ ಈ ವಾರ ಯಾರೋ ಕೈ ಹಾಕಿದ್ದಾರೆಂದು ತೋರಿಸುವ ಗುರುತು ಹೋಗುತ್ತದೆ. ಮುತ್ತುಲಕ್ಷ್ಮಿಯ ಮಾತುಕತೆ ಮತ್ತೆ ಕೂಡುವುದಿಲ್ಲ. ನಿವೇತಾ ಸಾಯಂಕಾಲದ ಬಸ್ಸಿಗೆ ಹೋಗುತ್ತಾಳೆ, ಹೋದ ಮೇಲೆ ಅವಳನ್ನು ಯಾರೂ ಯಾವ ಆಫೀಸಿಗೂ ಕಳಿಸುವುದಿಲ್ಲ. ಇವಳ ಮನೆ ಹೇಗಿದೆಯೋ ಹಾಗೇ ಇರುತ್ತದೆ. ಸುಂಡಲ್ ಪೊಟ್ಟಣ ಮತ್ತೆ ಈ ಮೇಜಿನ ಮೇಲೆ ಬಿಚ್ಚುತ್ತದೆ.

ಒತ್ತದಿದ್ದರೆ? ಆ ಮನೆಗೆ ನಮ್ಮ ಮಂದಿಯಲ್ಲಿ ಹೆಣ್ಣು ಗಂಡು ಇಲ್ಲ ಎಂದಿದ್ದರು ಮಾಮ. ಆ ಮನೆ ಇವಳದು.

ಕಿಟಕಿಯಾಚೆ ಬೆಟ್ಟದ ಮೇಲೆ ಬಿಸಿಲು ಏರುತ್ತಿತ್ತು. ಪರದೆಯ ಮೇಲೆ ಹಸಿರು ಎಲೆ ಹಾಗೇ ಇತ್ತು, ತೊಟ್ಟು ಸೊಟ್ಟ. ಅದನ್ನು ಬರೆದಾಗ ಅವಳು ಕುರ್ಚಿಯ ಕೈಮೇಲೆ ಕೂತಿದ್ದಳು. ಈಗ ಕುರ್ಚಿಯಲ್ಲೇ ಕೂತಿದ್ದಾಳೆ.

ಹೊಟ್ಟೆಯಲ್ಲಿ ಕಿಚ್ಚು ಇನ್ನೂ ಇತ್ತು. ಅದು ಹೋಗಲಿಲ್ಲ, ಹೋಗುತ್ತದೆಂದು ಅವಳು ಕಾಯಲೂ ಇಲ್ಲ.

ಒಂದೊಂದೇ ಅಕ್ಷರವಾಗಿ ಆ ಸಾಲನ್ನು ಅಳಿಸಿದಳು.

ಮೆಟ್ಟಿಲಲ್ಲಿ ಗೆಜ್ಜೆ, ಹಿಂದೆಯೇ ಕಾಪಿಯ ವಾಸನೆ. "ಅಕ್ಕಾ, ಅಣ್ಣ ಬಂದವ್ರೆ, ಕೆಳಗೆ ಕಾರ್ ನಿಲ್ಲಿಸ್ತಾವ್ರೆ. ಲಕ್ಷ್ಮಣನ್ ಮಾಮ ನನ್ ಮೊಗ ನೋಡಿ ತಿರುಗ್ಕೊಂಡ್ಬುಟ್ರು. ಯಾಕಕ್ಕಾ?"

ಫೋನಿನಲ್ಲಿ ಜೆಯಕುಮಾರನ ಸಂದೇಶ ಮಿನುಗಿತು. ಆಯ್ತಾ?

'ಆಯ್ತು' ಎಂದು ಬರೆದು ಕಳಿಸಿದಳು.

ಆಮೇಲೆ ಎದ್ದು, ಮಾಮ ಬಂದಾಗಲೆಲ್ಲ ಕೂರುವ ಬೆತ್ತದ ಕುರ್ಚಿಯನ್ನು ಬಾಗಿಲ ಬಳಿಯಿಂದ ಎಳೆದು ತಂದು ದೊಡ್ಡ ಯಂತ್ರದ ಮುಂದೆ 'ಎರಡು, ಭಾನುವಾರ' ಎಂಬ ಸಾಲೂ ಅದರ ಪಕ್ಕ ಮುತ್ತುಲಕ್ಷ್ಮಿಯ ಬಾಡಿದ ಎಲೆಯೂ ನೇರವಾಗಿ ಕಾಣುವಂತೆ ಹಾಕಿದಳು.

"ಕುರ್ಚಿ ಯಾತಕ್ಕೆ ಅಲ್ಲಿ?" ಎಂದಳು ನಿವೇತಾ.

"ಇಲ್ಲಿ ಬೆಳಕು ಚೆನ್ನಾಗೈತೆ," ಎಂದಳು ತಮಿಳರಸಿ. ಬಾಳೆ ಎಲೆ ಬಿಚ್ಚಿ, ಮಲ್ಲಿಗೆಯ ಮೊಳವನ್ನು ಮುಡಿಗೆ ಸಿಕ್ಕಿಸಿಕೊಂಡಳು.

ಕೆಳಗಿನ ಮೆಟ್ಟಿಲಲ್ಲಿ ಎರಡು ಜೊತೆ ಚಪ್ಪಲಿ ಸದ್ದು ಕೇಳಿಸಿತು.